ಯಾರೂ ಓದದ ಮೊದಲ ಕ್ಯಾನು

ನಾನು ಮದುವೆಯಾಗಿ ಈ ಮನೆಗೆ ಬಂದ ಮೂರನೆಯ ದಿನವೇ ಅತ್ತೆ ನನ್ನ ಕೈಯಿಂದ ಎಣ್ಣೆಯ ಅಳತೆ ಲೋಟವನ್ನು ಕಿತ್ತುಕೊಂಡರು. ದೊಡ್ಡ ಡಬ್ಬಿಯಿಂದ ಚಿಕ್ಕ ಡಬ್ಬಿಗೆ ಒಂದು ಲೋಟ ಎಣ್ಣೆ ಸುರಿಯುವುದರಲ್ಲಿ ನಾನೇನು ತಪ್ಪು ಮಾಡಿದೆನೆಂದು ಕಣ್ಣು ಕಣ್ಣು ಬಿಟ್ಟೆ.

"ಒಣ ಲೋಟದಲ್ಲಿ ಯಾರಾದ್ರೂ ಅಳೀತಾರೇನೇ? ಅರ್ಧ ಚಮಚ ಅದರ ಮೈಗೇ ಅಂಟ್ಕೊಂಡು ಹೋಗುತ್ತೆ. ಮೊದಲು ಒಂದ್ಸಲ ತುಂಬಿಸಿ ವಾಪಸ್ ಸುರಿ. ಹನಿ ನಿಲ್ಲೋವರೆಗೂ ಮೂವತ್ತು ಎಣಿಸು. ಆಮೇಲೆ ಅಳೆ."

ಎಣಿಸಲು ತೊಡಗಿದೆ. ಹನ್ನೆರಡಕ್ಕೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿಸಿದರು. ಸಂಜೆ ಗಂಡನನ್ನು ಕೇಳಿದೆ, "ನಿಮ್ಮಮ್ಮ ಎಲ್ಲದಕ್ಕೂ ಹೀಗೇನಾ?" ಅವರು "ಹೂಂ" ಎಂದರು. ನಮ್ಮವರು ದಿನಕ್ಕೆ ಹತ್ತು ಮಾತು ಆಡಿದರೆ ಅದೇ ದೊಡ್ಡದು. ಹದಿನಾರು ವರ್ಷದಿಂದ ಅವರ ಪಾಲಿನದನ್ನೂ ನಾನೇ ಆಡಿಕೊಂಡು ಬಂದಿದ್ದೇನೆ, ಅದರ ಬಗ್ಗೆ ನನಗೇನೂ ಬೇಸರವಿಲ್ಲ.

ಅತ್ತೆ ಬಸ್ ಡಿಪೋದ ಡೀಸೆಲ್ ಪಂಪು ನೋಡಿಕೊಳ್ಳುತ್ತಿದ್ದರು. ಡ್ರೈವರುಗಳೆಲ್ಲ ಅವರನ್ನು ಕರೆಯುತ್ತಿದ್ದದ್ದು ಡೀಸೆಲಮ್ಮ ಎಂದು. ಇಪ್ಪತ್ತೈದನೆಯ ವಯಸ್ಸಿನಲ್ಲಿ, ಎರಡು ವರ್ಷದ ಮಗನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಯಾರ್ಡಿನ ಕಸ ಗುಡಿಸುವ ಕೆಲಸಕ್ಕೆ ಸೇರಿದವರು. ಗುಡಿಸುತ್ತ ಗುಡಿಸುತ್ತ ಪಂಪಿನ ಹತ್ತಿರ ಮಾತ್ರ ಅವರ ಪೊರಕೆ ನಿಧಾನವಾಗುತ್ತಿತ್ತಂತೆ. ಅಲ್ಲಿನ ಹಳೆಯ ಮೆಕ್ಯಾನಿಕ್ ಒಂದು ದಿನ ರೇಗಿ, "ಅಷ್ಟು ಆಸೆಯಿದ್ರೆ ಬಂದು ಹಿಡ್ಕೋ" ಎಂದು ನಳಿಗೆಯನ್ನು ಇವರ ಕೈಗೆ ಕೊಟ್ಟನಂತೆ. ಕೊಟ್ಟವನು ಮತ್ತೆ ವಾಪಸ್ ಪಡೆಯಲಿಲ್ಲ. ಐದು ವರ್ಷದೊಳಗೆ ಜಾಲರಿ ತೊಳೆಯುವುದು, ಬೆಲ್ಟು ಬಿಗಿ ಮಾಡುವುದು, ಮೀಟರಿನೊಳಗಿನ ನಾಲ್ಕು ಪಿಸ್ಟನ್ನುಗಳನ್ನು ಬಿಚ್ಚಿ ಮರಳಿ ಜೋಡಿಸುವುದು ಎಲ್ಲವೂ ಇವರಿಗೆ ನೀರು ಕುಡಿದಷ್ಟು ಸಲೀಸಾಯಿತು.

ಆ ಮೆಕ್ಯಾನಿಕ್ ಕಲಿಸಿದ ಎರಡು ಕಟ್ಟಳೆಗಳನ್ನು ಅತ್ತೆ ಜೀವಮಾನವಿಡೀ ಪಾಲಿಸಿದರು. ಪಂಪಿನ ಅಳತೆ ಸರಿಯಿದೆಯೇ ಎಂದು ನೋಡಲು ಐದು ಲೀಟರಿನ ಒಂದು ಉಕ್ಕಿನ ಕ್ಯಾನಿದೆ. ಅದರ ಸಣ್ಣ ಕುತ್ತಿಗೆಯಲ್ಲಿ ಗಾಜಿನ ಕಿಟಕಿ, ಗಾಜಿನ ಮೇಲೆ ಗೆರೆ. ಪಂಪು ಐದು ಎಂದು ತೋರಿಸಿದಾಗ ಡೀಸೆಲ್ ಸರಿಯಾಗಿ ಗೆರೆಗೆ ಬರಬೇಕು. ಆದರೆ ಮೊದಲ ಸಲ ತುಂಬಿದ ಕ್ಯಾನನ್ನು ಯಾರೂ ಓದಬಾರದು. ಅದು ಕ್ಯಾನನ್ನು ನೆನೆಸುವುದಕ್ಕೆ ಮಾತ್ರ. ಸುಮ್ಮನೆ ಟ್ಯಾಂಕಿಗೆ ವಾಪಸ್ ಸುರಿಯಬೇಕು. ಓದುವುದು ಎರಡನೆಯದನ್ನು. ಇದು ಒಂದನೆಯ ಕಟ್ಟಳೆ. ಎರಡನೆಯದು, ದಿನಾ ಬೆಳಗ್ಗೆ ಮೊದಲ ಬಸ್ಸು ಬರುವ ಮುಂಚೆ ಒಂದು ಬಕೆಟ್ ಡೀಸೆಲ್ ಹಿಡಿದು ಟ್ಯಾಂಕಿಗೇ ಮರಳಿ ಹಾಕುವುದು. "ಪಂಪಿಗೆ ಬಾಯಿ ಮುಕ್ಕಳಿಸೋದು" ಎನ್ನುತ್ತಿದ್ದರು ಅತ್ತೆ. ಯಾಕೆ ಎಂದು ಮೆಕ್ಯಾನಿಕ್ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಹೀಗಿರುವಾಗ ಡಿಪೋಗೆ ಕಾರ್ಡು ಬಂತು. ಪಂಪು ಹಳೆಯದೇ, ಪಕ್ಕದಲ್ಲಿ ಮಾತ್ರ ಎದೆಯೆತ್ತರದ ಒಂದು ಕಂಬ ನೆಟ್ಟರು. ಡ್ರೈವರು ತನ್ನ ಕಾರ್ಡನ್ನು ಅದರಲ್ಲಿ ತೂರಿಸಬೇಕು, ಗುಟ್ಟಿನ ನಾಲ್ಕು ಅಂಕಿ ಒತ್ತಬೇಕು, ಬಸ್ಸು ಎಷ್ಟು ಕಿಲೋಮೀಟರ್ ಓಡಿದೆ ಎಂದು ಒತ್ತಬೇಕು. ಎಲ್ಲ ಸರಿಯಿದ್ದರೆ ಹಸಿರು ದೀಪ ಹತ್ತಿ ಪಂಪಿನ ಮೋಟಾರು ತಾನಾಗಿ ಶುರುವಾಗುತ್ತದೆ, ಸರಿಯಿಲ್ಲದಿದ್ದರೆ ಕೆಂಪು. ತುಂಬಿಸಿ ನಳಿಗೆಯನ್ನು ಕೊಕ್ಕೆಗೆ ತೂಗುಹಾಕಿದ ಕೂಡಲೇ ಚೀಟಿ ಹೊರಬರುತ್ತದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಪಟ್ಟಿ ವಾರವಾರ ನೋಟಿಸ್ ಬೋರ್ಡಿಗೆ ಬೀಳುತ್ತದೆ.

ಕಾರ್ಡಿಲ್ಲದೆ ಒಂದು ಹನಿಯೂ ಇಲ್ಲ. ಅಂದಮೇಲೆ ಪಂಪಿನ ಹತ್ತಿರ ಆಳು ಯಾಕೆ? ಅತ್ತೆಯನ್ನು ಕಚೇರಿಯಲ್ಲಿ ಚೀಟಿ ಜೋಡಿಸುವ ಮೇಜಿಗೆ ಹಾಕಿದರು. ಅವರಿಗೆ ದುಃಖವಾಗಿರಬೇಕು ಎಂದು ನೀವು ಎಣಿಸಿದರೆ ನಮ್ಮತ್ತೆ ನಿಮಗೆ ಗೊತ್ತಿಲ್ಲ. ಕಾರ್ಡಿನ ಕಂಬ ಕಂಡು ಅವರು ಮನಸೋತುಬಿಟ್ಟಿದ್ದರು. "ನೋಡೇ, ಇಷ್ಟು ವರ್ಷ ನಾನು ಬರೆದ ಲೆಕ್ಕಕ್ಕೆ ಒಬ್ಬೊಬ್ಬ ಡ್ರೈವರೂ ತಕರಾರು ತೆಗೀತಿದ್ದ. ಈಗ ತೆಗೀಲಿ ನೋಡೋಣ! ಅದು ಯಾರ ಮುಖಾನೂ ನೋಡಲ್ಲ" ಎಂದು ಬೀಗಿದರು. ಮನೆಗೆ ಬಂದವರಿಗೆಲ್ಲ ಅದರದೇ ವರ್ಣನೆ.

ಮುಖ ನೋಡದ ಆ ಯಂತ್ರ ಮೊದಲು ಹಿಡಿದದ್ದು ಅವರ ಮಗನನ್ನೇ.

ನಮ್ಮವರು ಅದೇ ಡಿಪೋದ ಡ್ರೈವರ್. ಅಮ್ಮನಿಂದ ಬಂದ ಅಭ್ಯಾಸ, ಬೆಳಗ್ಗೆ ಐದಕ್ಕೆಲ್ಲ ಪಂಪಿನ ಮುಂದೆ ಹಾಜರು. ಸಾಲಿನಲ್ಲಿ ಯಾವತ್ತೂ ಅವರ ಬಸ್ಸೇ ಮೊದಲು. ಹದಿನೇಳನೆಯ ನಂಬರಿನ ಅವರ ಕಾರ್ಡು ಮೊದಲ ವಾರದ ಪಟ್ಟಿಯಲ್ಲಿ ಕೊನೆಗೆ ಬಂತು. ಎರಡನೆಯ ವಾರವೂ ಕೊನೆಗೆ. ಬಸ್ಸನ್ನು ವರ್ಕ್‌ಶಾಪಿಗೆ ಹಾಕಿ ನೋಡಿದರು, ಎಲ್ಲೂ ಸೋರಿಕೆಯಿಲ್ಲ. ಮೂರನೆಯ ತಿಂಗಳಿಗೆ ಡಿಪೋದಲ್ಲಿ ಗುಸುಗುಸು ಶುರುವಾಯಿತು. ಡೀಸೆಲಮ್ಮನ ಮಗ, ಟ್ಯಾಂಕಿನಿಂದ ಡೀಸೆಲ್ ತೆಗೆದು ಮಾರುವುದು ಅವನಿಗೆ ಯಾವ ಲೆಕ್ಕ?

ಒಂದು ಬೆಳಗ್ಗೆ ಅವರು ಕಾರ್ಡು ತೂರಿಸಿದಾಗ ಕೆಂಪು ದೀಪ ಹತ್ತಿತು. 'ಈ ಕಾರ್ಡನ್ನು ತಡೆಹಿಡಿಯಲಾಗಿದೆ. ಕಚೇರಿಯನ್ನು ಸಂಪರ್ಕಿಸಿ.' ಹಿಂದೆ ಮೂವತ್ತು ಬಸ್ಸಿನ ಸಾಲು. ಮತ್ತೆ ತೂರಿಸಿದರು, ಮತ್ತೆ ಕೆಂಪು. ಹಿಂದಿನಿಂದ ಯಾರೋ, "ಸಾಕು ಬಿಡಯ್ಯ, ಹೊಟ್ಟೆ ತುಂಬಿರಬೇಕು ನಿಂದು" ಎಂದು ಕೂಗಿದರಂತೆ. ಇವರು ಬಸ್ಸನ್ನು ಪಕ್ಕಕ್ಕೆ ಹಾಕಿ ಕೀಲಿ ಕೊಟ್ಟು ಬಂದರು. ಎರಡು ವಾರದ ನಂತರ ಶುಕ್ರವಾರ ವಿಚಾರಣೆ, ಅಲ್ಲಿಯವರೆಗೆ ಯಾರ್ಡಿನಲ್ಲಿ ಟೈರು ಜೋಡಿಸುವ ಕೆಲಸ. ಕಳ್ಳತನ ಎಂದು ತೀರ್ಮಾನವಾದರೆ ಕೆಲಸ ಹೋಯಿತು, ಲೈಸೆನ್ಸೂ ಹೋಯಿತು.

ಅಂದು ಊಟಕ್ಕೆ ಕುಳಿತಾಗ ಅತ್ತೆ ಮಗನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಕೇಳಬಾರದ್ದನ್ನು ಕೇಳಿಬಿಟ್ಟರು.

"ನಿಜ ಹೇಳು. ತೆಗೆದ್ಯಾ?"

ನಮ್ಮವರು ತಟ್ಟೆ ಬಿಟ್ಟು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು. "ಅತ್ತೆ, ಹೆತ್ತ ಮಗನಿಗಿಂತ ನಿಮಗೆ ಆ ಕಂಬ ಹೆಚ್ಚಾಯ್ತಾ?" ಎಂದೆ. ಅತ್ತೆ ಮಗ ಬಿಟ್ಟುಹೋದ ತಟ್ಟೆಗೆ ಮುಚ್ಚಳ ಮುಚ್ಚಿದರು. ಆವತ್ತಿನಿಂದ ತಾಯಿ ಮಗನ ನಡುವೆ ಮಾತು ನಿಂತಿತು. ದಿನಕ್ಕೆ ಹತ್ತು ಮಾತಿನ ಮನುಷ್ಯ ಅದರಲ್ಲೂ ಅಮ್ಮನ ಪಾಲಿನ ನಾಲ್ಕನ್ನು ಕಡಿದುಹಾಕಿದರೆ ಆ ಮನೆ ಹೇಗಿರುತ್ತದೆಂದು ಹೇಳಬೇಕಿಲ್ಲ.

ವಾರ ಕಳೆಯಿತು. ಹೊಸ ಪಟ್ಟಿ ಬೋರ್ಡಿಗೆ ಬಿತ್ತು. ನಮ್ಮವರ ಬಸ್ಸನ್ನು ಮಧ್ಯಾಹ್ನದ ಪಾಳಿಗೆ ಹಾಕಿ ಬೇರೆ ಡ್ರೈವರಿಗೆ ಕೊಟ್ಟಿದ್ದರಲ್ಲ, ಆ ಬಸ್ಸು ನೆಟ್ಟಗೆ ಪಟ್ಟಿಯ ನಡುಮಧ್ಯಕ್ಕೆ ಏರಿತ್ತು. ಮ್ಯಾನೇಜರ್ ಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ, "ನೋಡ್ರೀ, ಕೈ ಬದಲಾಯ್ತು, ಬಸ್ಸು ಸರಿಹೋಯ್ತು! ಇನ್ನೇನು ಸಾಕ್ಷಿ ಬೇಕು?" ಎಂದರು. ಅತ್ತೆ ತಮ್ಮ ಮೇಜಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ತಲೆ ತಗ್ಗಿಸಿದ್ದರಿಂದಲೇ ಮೇಜಿನ ಮೇಲಿದ್ದ ಪಟ್ಟಿಯ ಪ್ರತಿಯ ತಳ ಅವರ ಕಣ್ಣಿಗೆ ಬಿತ್ತು. ಅಲ್ಲಿ ಈಗ ಬೇರೊಂದು ನಂಬರಿತ್ತು.

ಅದು ಶಿಳ್ಳೆಯ ಕಾರ್ಡು. ಸ್ಟೇರಿಂಗ್ ಹಿಡಿದರೆ ಸಾಕು ಶಿಳ್ಳೆ ಹಾಕುವ ಡ್ರೈವರ್ ಅವನು, ಪಟ್ಟಿಯಲ್ಲಿ ಯಾವಾಗಲೂ ಮೇಲಿನ ಐವರಲ್ಲಿ ಒಬ್ಬ. ಅದೇ ಬಸ್ಸು, ಅದೇ ದಾರಿ, ಅದೇ ಶಿಳ್ಳೆ. ಒಂದೇ ವಾರದಲ್ಲಿ ಮೇಲಿನಿಂದ ತಳಕ್ಕೆ ಹೇಗೆ ಬಿದ್ದ? ಅತ್ತೆ ವಾರದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಚೀಟಿಯಲ್ಲಿ ಗಂಟೆ, ನಿಮಿಷ ಅಚ್ಚಾಗಿರುತ್ತದೆ. ಮುಂಚೆ ಸಾಲಿನಲ್ಲಿ ಎರಡನೆಯವನಾಗಿದ್ದ ಶಿಳ್ಳೆ ಈಗ, ನಮ್ಮವರಿಲ್ಲದ್ದರಿಂದ, ದಿನಾ ಮೊದಲನೆಯವನಾಗಿದ್ದ. ಬದಲಾದದ್ದು ಅದೊಂದೇ.

ಆ ಸಂಜೆ ಅತ್ತೆ ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೂಗಿದರು. ನಮ್ಮವರು ಅಲ್ಲೇ ಮೂರಡಿ ದೂರದ ಕುರ್ಚಿಯಲ್ಲಿ ಕೂತಿದ್ದರು.

"ಕೇಳೇ ಅವನನ್ನ, ಬೆಳಗ್ಗೆ ಪಂಪು ಹಾಕಿದಾಗ ಏನಾಗುತ್ತೆ ಅಂತ."

ನಾನು ತಿರುಗಿ, "ಬೆಳಗ್ಗೆ ಪಂಪು ಹಾಕಿದಾಗ ಏನಾಗುತ್ತಂತ್ರೀ?" ಎಂದೆ.

ನಮ್ಮವರು ಗೋಡೆಗೆ ಹೇಳಿದರು, "ಕೆಮ್ಮುತ್ತೆ."

"ಎಷ್ಟು ಹೊತ್ತು ಅಂತ ಕೇಳು."

"ಎಷ್ಟು ಹೊತ್ತಂತೆ?"

"ಸ್ವಲ್ಪ ಹೊತ್ತು. ಬುಸ್ಸಂತ ಗಾಳಿ ಬರುತ್ತೆ. ಆಮೇಲೆ ಸರಿಹೋಗುತ್ತೆ."

"ಆ ಕೆಮ್ಮೋವಾಗ ಮುಂದಿರೋ ಅಂಕಿ ನಿಂತಿರುತ್ತೋ, ಓಡ್ತಿರುತ್ತೋ ಅಂತ ಕೇಳೇ!"

ನಮ್ಮವರು ಈ ಸಲ ಗೋಡೆ ಬಿಟ್ಟು ಅಮ್ಮನ ಕಡೆಗೇ ತಿರುಗಿದರು. "ಓಡ್ತಿರುತ್ತೆ."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕುಳಿತರು. ಆಮೇಲೆ ನನಗೆ ಬಿಡಿಸಿ ಹೇಳಿದರು. ನೆಲದಡಿಯ ಟ್ಯಾಂಕಿನಿಂದ ಪಂಪಿಗೆ ಬರುವ ಕೊಳವೆಯಲ್ಲಿ ಡೀಸೆಲ್ ಹಿಂದಕ್ಕೆ ಜಾರದ ಹಾಗೆ ಒಂದು ವಾಲ್ವ್ ಇರುತ್ತದೆ. ಅದು ಸವೆದರೆ ಬೆಳಗಾಗುವಷ್ಟರಲ್ಲಿ ಕೊಳವೆಯಲ್ಲಿದ್ದದ್ದು ಮೆಲ್ಲಗೆ ಟ್ಯಾಂಕಿಗೆ ಇಳಿದು, ಜಾಗ ಗಾಳಿಗೆ ಬಿಟ್ಟುಕೊಡುತ್ತದೆ. ಗಾಳಿಯನ್ನು ಬೇರ್ಪಡಿಸಿ ಹೊರಗೆ ಬಿಡಲು ಪಂಪಿನಲ್ಲಿ ಒಂದು ಡಬ್ಬಿಯೂ ಇದೆ. ಅದೂ ಕೈಕೊಟ್ಟರೆ ಗಾಳಿ ನೇರ ಮೀಟರಿಗೆ ನುಗ್ಗುತ್ತದೆ. ಮೀಟರಿಗೆ ಗೊತ್ತಿರುವುದು ತಿರುಗುವುದೊಂದೇ. ತಿರುಗಿಸಿದ್ದು ಡೀಸೆಲ್ಲೋ ಗಾಳಿಯೋ ಅದಕ್ಕೇನು ಗೊತ್ತು? ದಿನದ ಮೊದಲ ಬಸ್ಸಿನವನು ಕುಡಿದ ಗಾಳಿಯೆಲ್ಲ ಅವನ ಕಾರ್ಡಿಗೆ ಡೀಸೆಲ್ ಎಂದು ಬೀಳುತ್ತದೆ.

"ಹಾಗಾದ್ರೆ ಹೋದ ತಿಂಗಳು ಅಳತೆ ಇನ್‌ಸ್ಪೆಕ್ಟರ್ ಬಂದು ಎಲ್ಲ ಸರಿಯಿದೆ ಅಂದ್ರಲ್ಲ?" ಎಂದೆ.

"ಅವರು ಬಂದದ್ದು ಹನ್ನೊಂದು ಗಂಟೆಗೆ. ಪಂಪು ಅಳೆದು ನೋಡೋಕೆ ಬೇಕಾದ ಪರೀಕ್ಷೆ ಕಾರ್ಡು ಇರೋದು ಮ್ಯಾನೇಜರ್ ಡ್ರಾಯರಲ್ಲಿ, ಅವರು ಬರೋದೇ ಹತ್ತಕ್ಕೆ. ಅಷ್ಟರಲ್ಲಿ ಎಲ್ಲ ಬಸ್ಸೂ ಕುಡಿದು ಹೋಗಿರುತ್ತೆ, ಕೊಳವೆ ತುಂಬಿರುತ್ತೆ. ಅದಲ್ಲದೆ..." ಅತ್ತೆಯ ದನಿ ಸಣ್ಣಗಾಯಿತು. "ಐದು ಗಂಟೆಗೆ ಬಂದಿದ್ರೂ ಮೊದಲನೇ ಕ್ಯಾನು ಓದ್ತಿರಲಿಲ್ಲ. ನಾನೂ ಓದ್ತಿರಲಿಲ್ಲ. ಅದು ಕಟ್ಟಳೆ."

ಮಾರನೆಯ ದಿನ ಅವರು ಮ್ಯಾನೇಜರ್ ಮುಂದೆ ನಿಂತು, ವಿಚಾರಣೆಯನ್ನು ಬೆಳಗ್ಗೆ ಐದು ಗಂಟೆಗೆ ಪಂಪಿನ ಹತ್ತಿರ ಮಾಡಬೇಕೆಂದು ಕೇಳಿದರು. ಮ್ಯಾನೇಜರ್ ಮುಖ ಗಂಟಿಕ್ಕಿದರು. "ಅಮ್ಮಾ, ಮಗ ಅಂತ ನಿಮಗೆ ಸಂಕಟ ಆಗುತ್ತೆ, ಅರ್ಥವಾಗುತ್ತೆ. ಪಂಪು ಪಾಸಾಗಿದೆಯಲ್ಲ?" ಅತ್ತೆ ಒಂದು ಹಾಳೆ ತೆಗೆದು ಅಲ್ಲೇ ಬರೆದುಕೊಟ್ಟರು. ಪಂಪಿನಲ್ಲಿ ದೋಷ ಸಿಗದಿದ್ದರೆ ಮಗನ ಜೊತೆಗೆ ತಮ್ಮನ್ನೂ ಕೆಲಸದಿಂದ ತೆಗೆಯಬಹುದು ಎಂದು. ಕೆಳಗೆ ಸಹಿ.

ವಿಷಯ ತಿಳಿದಾಗ ನಾನು ಸುಮ್ಮನಿರಲಿಲ್ಲ. "ಇಬ್ಬರ ಕೆಲಸಾನೂ ಒಂದು ಕ್ಯಾನಿಗೆ ಕಟ್ಟಿಹಾಕಿ ಬಂದ್ರಾ ಅತ್ತೆ! ನನ್ನ ಹೊಲಿಗೆ ಮೆಷಿನ್ನಲ್ಲಿ ಮೂರು ಹೊಟ್ಟೆ ತುಂಬುತ್ತಾ?" ಎಂದು ಹಾರಾಡಿದೆ. ಅತ್ತೆ ಶಾಂತವಾಗಿ, "ಶುಕ್ರವಾರ ನೀನೂ ಬಾ. ಒಂದು ಡಬ್ಬಿ ಹೊರೋದಿದೆ" ಎಂದರು.

ಆ ಡಬ್ಬಿಯನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಬಿಡಿಭಾಗ ತೊಳೆಯಲು ವರ್ಕ್‌ಶಾಪಿನಲ್ಲಿ ಇಟ್ಟಿರುವ ಡೀಸೆಲ್, ತುಂಬಿ ತುಳುಕುವ ಡಬ್ಬಿ. ಹೊತ್ತು ತಂದ ನನ್ನ ಕೈ ಒಂದು ಗೇಣು ಉದ್ದವಾಗಿರಬೇಕು. ಇನ್ನೂ ನಸುಕು, ಯಾರ್ಡಿನ ದೀಪಗಳು ಉರಿಯುತ್ತಿದ್ದವು. ಬಸ್ಸುಗಳು ಸಾಲುಗಟ್ಟಿ ನಿಂತಿದ್ದವು, ಡ್ರೈವರುಗಳೆಲ್ಲ ಇಳಿದು ಪಂಪನ್ನು ಸುತ್ತುವರಿದಿದ್ದರು. ಮ್ಯಾನೇಜರ್ ಆಕಳಿಸುತ್ತ ಪರೀಕ್ಷೆ ಕಾರ್ಡು ಹಿಡಿದು ನಿಂತಿದ್ದರು. ಅಳತೆ ಇನ್‌ಸ್ಪೆಕ್ಟರ್ ತಮ್ಮ ಪೆಟ್ಟಿಗೆ ಬಿಚ್ಚಿ ಕ್ಯಾನನ್ನು ಹೊರತೆಗೆದರು. ನಮ್ಮವರು ಹಿಂದೆ, ಟೈರುಗಳ ರಾಶಿಯ ಪಕ್ಕ.

ಅತ್ತೆ ಮುಂದೆ ಬಂದು ನನ್ನ ಡಬ್ಬಿಯಿಂದ ಇನ್‌ಸ್ಪೆಕ್ಟರರ ಕ್ಯಾನನ್ನು ಕುತ್ತಿಗೆಯವರೆಗೂ ತುಂಬಿಸಿದರು. ಮರಳಿ ಡಬ್ಬಿಗೆ ಸುರಿದರು. ಕ್ಯಾನನ್ನು ಬೋರಲು ಹಿಡಿದು ಗಟ್ಟಿಯಾಗಿ ಎಣಿಸತೊಡಗಿದರು. ಒಂದು, ಎರಡು, ಮೂರು... ಯಾರೂ ನಗಲಿಲ್ಲ. ಹನ್ನೆರಡಕ್ಕೆ ನಾನೂ ಅವರ ಜೊತೆ ಎಣಿಸತೊಡಗಿದೆ. ಮೂವತ್ತು ಎಂದು ಕ್ಯಾನನ್ನು ಇನ್‌ಸ್ಪೆಕ್ಟರರ ಕೈಗೆ ಕೊಟ್ಟರು.

ಮ್ಯಾನೇಜರ್ ಕಾರ್ಡು ತೂರಿಸಿದರು. ಹಸಿರು ದೀಪ. ಇನ್‌ಸ್ಪೆಕ್ಟರ್ ಐದು ಲೀಟರ್ ಎಂದು ಒತ್ತಿ ನಳಿಗೆಯನ್ನು ಕ್ಯಾನಿಗಿಟ್ಟು ಹಿಡಿಕೆ ಒತ್ತಿದರು. ಪಂಪು ಕೆಮ್ಮಿತು. ಎಂಥ ಕೆಮ್ಮು! ಬುಸ್ಸೆಂದು ಉಸಿರು ಬಿಟ್ಟಿತು, ನೊರೆ ಉಗುಳಿತು, ಮತ್ತೆ ಕೆಮ್ಮಿತು. ಅಂಕಿಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಿದವು. ಒಂದು, ಎರಡು, ಮೂರು. ಆಮೇಲೆ ಡೀಸೆಲ್ ಬರತೊಡಗಿತು. ಐದರ ಹತ್ತಿರ ಬಂದಾಗ ಯಂತ್ರ ತಾನಾಗಿ ನಿಧಾನಿಸಿ, ಹನಿಹನಿಯಾಗಿ ಬಿಟ್ಟು, ಕರಾರುವಾಕ್ಕಾಗಿ ಐದಕ್ಕೆ ನಿಂತಿತು.

ಇನ್‌ಸ್ಪೆಕ್ಟರ್ ಕ್ಯಾನನ್ನು ಎತ್ತಿದವರೇ ಸೀದಾ ಟ್ಯಾಂಕಿನ ಬಾಯಿಯತ್ತ ನಡೆದರು. ಅವರದೂ ಇಪ್ಪತ್ತು ವರ್ಷದ ಅಭ್ಯಾಸ, ಮೊದಲ ಕ್ಯಾನು ಸುರಿಯುವುದಕ್ಕೇ. ಇನ್ನೇನು ಬಗ್ಗಿಸಬೇಕು, ಅತ್ತೆ ಓಡಿಹೋಗಿ ಅವರ ಮಣಿಕಟ್ಟು ಹಿಡಿದರು.

"ಸಾರ್, ಓದಿ!"

"ಮೊದಲನೇದಲ್ವೇನಮ್ಮ? ಇದು ನೆನೆಸೋಕೆ..."

"ನೆನೆಸಾಯ್ತು. ನಿಮ್ಮ ಮುಂದೇನೇ ಮೂವತ್ತು ಎಣಿಸಿದೀನಿ. ಇದನ್ನ ಓದಿ."

ಇನ್‌ಸ್ಪೆಕ್ಟರ್ ಕ್ಯಾನನ್ನು ಕೈಯಲ್ಲೇ ತೂಗಿ ನೋಡಿದರು. ಅವರ ಮುಖ ಬದಲಾಯಿತು. ಗಾಜಿನ ಕಿಟಕಿಯಲ್ಲಿ ಡೀಸೆಲ್ ಇರಲೇ ಇಲ್ಲ. ಪೆಟ್ಟಿಗೆಯಿಂದ ಗೆರೆಯಿರುವ ಗಾಜಿನ ಜಾಡಿ ತೆಗೆದು ಅದಕ್ಕೆ ಸುರಿದು ಅಳೆದರು. ಎಲ್ಲರಿಗೂ ಕೇಳುವಂತೆ ಓದಿದರು: "ಒಂದು ಲೀಟರ್ ಎಂಟುನೂರು ಮಿಲಿ."

ಐದಕ್ಕೆ ಒಂದು ಎಂಟುನೂರು! ಶಿಳ್ಳೆ ಡ್ರೈವರ್ ಬೆರಳು ಬಾಯಿಗಿಟ್ಟು ಹಾಕಿದ ಶಿಳ್ಳೆಗೆ ಯಾರ್ಡಿನ ತಗಡೆಲ್ಲ ಅದುರಿರಬೇಕು. ಇನ್‌ಸ್ಪೆಕ್ಟರ್ ಎರಡನೆಯ ಕ್ಯಾನು ಹಿಡಿದರು, ಸರಿಯಾಗಿ ಗೆರೆಗೆ. ಮೂರನೆಯದು, ಅದೂ ಗೆರೆಗೆ. ಸೀಲು ಒಡೆದು ಪಂಪಿನ ಬಾಗಿಲು ತೆಗೆದರು. ಅತ್ತೆ ಮೊಣಕಾಲೂರಿ ಕುಳಿತು ಗಾಳಿ ಹೊರಹೋಗುವ ಸಣ್ಣ ಕೊಳವೆಯ ಬಾಯಿಯನ್ನು ಬೆರಳಿನಿಂದ ತಡವಿದರು. ತಿರುಗಿ ನೋಡದೆ ನನ್ನತ್ತ ಕೈಚಾಚಿ, "ಹೇರ್‌ಪಿನ್ ಕೊಡೇ" ಎಂದರು. ಕೊಟ್ಟೆ. ಕೆದಕಿದಾಗ ಒಳಗಿಂದ ಒಣಗಿದ ಮಣ್ಣಿನ ಉಂಡೆಗಳು ಉದುರಿದವು. ಯಾವುದೋ ಕಣಜ ಅಲ್ಲಿ ಮಣ್ಣುಗೂಡು ಕಟ್ಟಿ ಮಕ್ಕಳು ಮರಿ ಮಾಡಿಕೊಂಡು ಹಾರಿಹೋಗಿತ್ತು. ನನ್ನ ಗಂಡನನ್ನು ಕಳ್ಳನನ್ನಾಗಿ ಮಾಡಿದ್ದು ಅಂಗೈಯಲ್ಲಿ ಹಿಡಿಸುವಷ್ಟು ಮಣ್ಣು.

ಮ್ಯಾನೇಜರ್ ಇನ್ನೂ ಸೋಲೊಪ್ಪಲಿಲ್ಲ. "ಸರಿ, ಆದ್ರೆ ಕಾರ್ಡು ಬರೋ ಮುಂಚೆ ಈ ತೊಂದರೆ ಯಾಕೆ ಕಾಣಿಸ್ಲಿಲ್ಲ?"

ಅತ್ತೆ ಎದ್ದು ನಿಂತು ಸೀರೆಯ ಮಣ್ಣು ಕೊಡವಿಕೊಂಡರು. "ತಪ್ಪು ನಂದೂ ಇದೆ ಸಾರ್. ದಿನಾ ಬೆಳಗ್ಗೆ ಒಂದು ಬಕೆಟ್ ಹಿಡಿದು ವಾಪಸ್ ಸುರೀತಿದ್ದೆ. ಗಾಳಿಯೆಲ್ಲ ಬಕೆಟ್ಟಿಗೇ ಹೋಗ್ತಿತ್ತು. ಕೆಮ್ಮು ನಾನೂ ಕೇಳಿದೀನಿ. ಪಂಪು ಅಂದ್ರೆ ಬೆಳಗ್ಗೆ ಕೆಮ್ಮೋದೇ ಅಂದ್ಕೊಂಡಿದ್ದೆ. ಒಂದು ದಿನಾನೂ ಆ ಬಕೆಟ್ ಅಳೆದು ನೋಡ್ಲಿಲ್ಲ. ನನ್ನನ್ನ ಮೇಜಿಗೆ ಹಾಕಿದ್ರಿ, ಬಕೆಟ್ ಹಿಡಿಯೋರು ಇಲ್ಲವಾದ್ರು, ಮೊದಲ ಬಸ್ಸಿಗೆ ಬಡಿಯಿತು." ಇನ್‌ಸ್ಪೆಕ್ಟರ್ ಅಲ್ಲೇ ನಿಂತು ತಮ್ಮ ವರದಿ ಬರೆದರು. ಇನ್ನು ಮುಂದೆ ದಿನದ ಮೊದಲ ಪರೀಕ್ಷೆ ನೆನೆಸಿ ತಂದ ಕ್ಯಾನಿನಲ್ಲೇ ಆಗಬೇಕು, ಮೊದಲ ಕ್ಯಾನನ್ನೂ ಓದಿ ದಾಖಲಿಸಬೇಕು ಎಂದು ಸೇರಿಸಿದರು. ಬರೆದು ಮುಗಿಸಿ ಅತ್ತೆಗೆ ಕೈಮುಗಿದರು. ನನಗಂತೂ ಅಲ್ಲೇ ಕುಣಿಯಬೇಕೆನಿಸಿತು. ಡಬ್ಬಿ ಅಡ್ಡ ಬಂತು.

ಮಧ್ಯಾಹ್ನದೊಳಗೆ ವಾಲ್ವ್ ಬದಲಾಯಿತು. ಮೂರು ತಿಂಗಳ ಪಟ್ಟಿ ರದ್ದಾಯಿತು. ಮ್ಯಾನೇಜರ್ ಹದಿನೇಳನೆಯ ಕಾರ್ಡನ್ನು ಅತ್ತೆಯ ಮೇಜಿನ ಮೇಲಿಟ್ಟು, "ತಡೆ ತೆಗೆದಿದೀವಿ. ಮಗನಿಗೆ ಕೊಟ್ಬಿಡಿ" ಎಂದರು. ಅತ್ತೆ ಅದನ್ನು ಮುಟ್ಟಲಿಲ್ಲ.

"ಕೆಂಪು ದೀಪ ಹತ್ತಿದ್ದು ಸಾಲಲ್ಲಿ, ಎಲ್ಲರ ಮುಂದೆ. ಹಸಿರೂ ಅಲ್ಲೇ ಹತ್ತಲಿ. ನೀವೇ ಬಂದು ಕೊಡಿ ಸಾರ್."

ಸಂಜೆ ಮನೆಯಲ್ಲಿ ಅತ್ತೆ ಮಗನ ಎದುರಿಗೆ ಕುಳಿತು, ಈ ಸಲ ನನ್ನ ಬಾಯಿಯ ಮೂಲಕವಲ್ಲ, ನೇರವಾಗಿ ಹೇಳಿದರು. "ನಿನ್ನನ್ನ ಹಾಗೆ ಕೇಳಬಾರದಿತ್ತು ಕಣೋ. ಯಂತ್ರಾನ ನಂಬಿದೆ, ನಿನ್ನ ನಂಬ್ಲಿಲ್ಲ." ನಮ್ಮವರು "ಹೂಂ" ಎಂದರು. ಎದ್ದು ಹೋಗಿ ಅಮ್ಮನಿಗೆ ತಾವೇ ತಟ್ಟೆ ಹಾಕಿ, ಬಡಿಸಿ, ಪಕ್ಕದಲ್ಲೇ ಕುಳಿತು ಉಂಡರು. ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ಎರಡು ಸಲ ಹಾಕಿಸಿಕೊಂಡರು.

ಮರುದಿನ ಬೆಳಗ್ಗೆ ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಮೊದಲ ಬಸ್ಸು ನಮ್ಮವರದು, ಎರಡನೆಯದು ಶಿಳ್ಳೆಯದು, ಹಿಂದೆ ಅದೇ ಮೂವತ್ತು ಬಸ್ಸಿನ ಸಾಲು. ಮ್ಯಾನೇಜರ್ ಗಡ್ಡ ಕೂಡ ಬೋಳಿಸಿಕೊಳ್ಳದೆ ಎದ್ದು ಬಂದಿದ್ದರು. ಎಲ್ಲರ ಮುಂದೆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮವರಿಗೆ ಕೊಟ್ಟು, "ತಪ್ಪಾಯ್ತಪ್ಪ" ಎಂದರು. ನಮ್ಮವರು ಕಾರ್ಡು ತೂರಿಸಿದರು, ನಾಲ್ಕು ಅಂಕಿ ಒತ್ತಿದರು, ಕಿಲೋಮೀಟರ್ ಒತ್ತಿದರು. ಹಸಿರು ದೀಪ ಹತ್ತಿತು. ಅತ್ತೆ ಕಂಬದ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು, ಕೊರಳಲ್ಲಿ ನಾನು ಹೊಲಿದುಕೊಟ್ಟ ಚೀಲ, ಚೀಲದೊಳಗೆ ಪರೀಕ್ಷೆ ಕಾರ್ಡು. ಆ ಬೆಳಗಿನಿಂದ ಅದು ಅವರದೇ ವಶ.

ನಮ್ಮವರು ನಳಿಗೆಯ ಹಿಡಿಕೆ ಒತ್ತಿದರು. ಡೀಸೆಲ್ ಸದ್ದಿಲ್ಲದೆ ಹರಿಯಿತು. ಒಂದು ಕ್ಷಣ ಕಿವಿಗೊಟ್ಟು ಆಲಿಸಿದ ನನ್ನ ಗಂಡ, ನಮ್ಮ ಮದುವೆಯ ದಿನವೂ ದನಿಯೇರಿಸದ ಮನುಷ್ಯ, ಸಾಲಿನ ಕೊನೆಯ ಬಸ್ಸಿಗೂ ಕೇಳುವಂತೆ ಕೂಗಿದರು:

"ಅಮ್ಮಾ! ಕೆಮ್ತಾ ಇಲ್ಲ!"